ಚರ್ಮ ಹದ ಮಾಡುವ ಉದ್ಯಮ: ಸಾಮೂಹಿಕ ಶುದ್ಧೀಕರಣ ಘಟಕಗಳು ಬಂದರೂ ನದಿಗಳು ಏಕೆ ಚೇತರಿಸಿಕೊಳ್ಳುತ್ತಿಲ್ಲ?

ಪ್ರಶ್ನೆ: ಪರಿಸರ ಅಧ್ಯಯನಾರ್ಥಿ

ಎಲ್ಲರಿಗೂ ನಮಸ್ಕಾರ. ಅಭಿವೃದ್ಧಿಶೀಲ ದೇಶಗಳಲ್ಲಿ ಚರ್ಮ ಹದ ಮಾಡುವ ಉದ್ಯಮದಿಂದಾಗುವ ಮಾಲಿನ್ಯದ ನಿರ್ವಹಣೆಯನ್ನು ಕುರಿತು ತೌಲನಿಕ ಟಿಪ್ಪಣಿಯೊಂದನ್ನು ಸಿದ್ಧಪಡಿಸುತ್ತಿದ್ದೇನೆ. ಕಾನ್ಪುರದ ಜಾಜ್‌ಮವು, ತಮಿಳುನಾಡಿನ ಪಾಲಾರ್ ಕಣಿವೆ, ಢಾಕಾದ ಹಜಾರಿಬಾಗ್ ಹಾಗೂ ಅದಕ್ಕೆ ಬದಲಾಗಿ ರೂಪುಗೊಂಡ ಸಾವಾರ್ ಕೈಗಾರಿಕಾ ಪ್ರದೇಶ, ಇವುಗಳ ಬಗ್ಗೆ ಓದಿದಷ್ಟೂ ಒಂದೇ ಕಥೆ ಬೇರೆ ಬೇರೆ ಊರುಗಳಲ್ಲಿ ನಡೆದಂತೆ ತೋರುತ್ತದೆ. ಹಲವು ದಶಕಗಳ ಕಾಲ ತ್ಯಾಜ್ಯನೀರು ನೇರವಾಗಿ ನದಿ ಸೇರುತ್ತದೆ. ಯಾರೋ ನ್ಯಾಯಾಲಯದ ಮೆಟ್ಟಿಲೇರುತ್ತಾರೆ. ಕಟುವಾದ ಆದೇಶ ಹೊರಬೀಳುತ್ತದೆ. ಸರ್ಕಾರದ ನೆರವಿನಿಂದ, ಹಲವು ಕಾರ್ಖಾನೆಗಳ ನೀರನ್ನು ಒಂದೆಡೆ ಶುದ್ಧಗೊಳಿಸುವ ಸಾಮೂಹಿಕ ಶುದ್ಧೀಕರಣ ಘಟಕವೊಂದು ಏಳುತ್ತದೆ. ಕೆಲವೇ ವರ್ಷಗಳಲ್ಲಿ ಆ ಘಟಕದ ಹೊರಹರಿವೇ ಮಾಲಿನ್ಯದ ಮೂಲವೆಂಬ ದೂರು ಕೇಳಿಬರುತ್ತದೆ.

ಬೇಕಾದ ತಂತ್ರಜ್ಞಾನ ಹೊಸದೇನಲ್ಲದಿರುವಾಗ ತೊಡಕು ಇರುವುದಾದರೂ ಎಲ್ಲಿ? ಘಟಕಗಳ ಸಾಮರ್ಥ್ಯ ಸಾಲದೆ ಹೀಗಾಗುತ್ತಿದೆಯೇ, ಮೇಲ್ವಿಚಾರಣೆ ಸಾಲದೆಯೇ, ಅಥವಾ ಎಲ್ಲವನ್ನೂ ಒಂದು ಕಾಲುವೆಗೆ ಬಿಟ್ಟು ಕೊನೆಯಲ್ಲಿ ಶುದ್ಧಗೊಳಿಸುವ ಕ್ರಮದಲ್ಲೇ ದೋಷವಿದೆಯೇ? ಕ್ರೋಮಿಯಂ ಬಳಕೆಯನ್ನು ಪೂರ್ತಿ ಕೈಬಿಟ್ಟು ಸಸ್ಯಜನ್ಯ ಹದಕ್ಕೆ ಮರಳಬೇಕೆಂಬ ವಾದವನ್ನೂ ಹಲವೆಡೆ ಕಂಡಿದ್ದೇನೆ. ಈ ಕ್ಷೇತ್ರವನ್ನು ಬಲ್ಲವರು ದಯವಿಟ್ಟು ತಿಳಿಸಬೇಕು.

ಉತ್ತರ: ತ್ಯಾಜ್ಯನೀರು ಎಂಜಿನಿಯರ್

ನೀವು ಕೇಳಿದ ಮೂರು ಕಾರಣಗಳೂ ಇವೆ. ಆದರೆ ನನ್ನ ಅಭಿಪ್ರಾಯದಲ್ಲಿ ಕೊನೆಯದೇ ಬೇರು. ಮೊದಲಿನವೆರಡು ಅದರಿಂದ ಕವಲೊಡೆದವು. ಇದು ಅರ್ಥವಾಗಬೇಕಾದರೆ ಟ್ಯಾನರಿಯೊಳಗೆ, ಅಂದರೆ ಚರ್ಮ ಹದ ಮಾಡುವ ಕಾರ್ಖಾನೆಯೊಳಗೆ, ಏನು ನಡೆಯುತ್ತದೆ ಎಂಬುದನ್ನು ಸ್ವಲ್ಪ ಬಿಡಿಸಿ ನೋಡಬೇಕು, ಏಕೆಂದರೆ ಹೊರಗೆ ಕಾಣುವ ಕಪ್ಪು ನೀರು ವಾಸ್ತವದಲ್ಲಿ ಒಂದೇ ನೀರಲ್ಲ.

ಕಸಾಯಿಖಾನೆಯಿಂದ ಬರುವ ಹಸಿ ಚರ್ಮ ಕೊಳೆಯದಿರಲೆಂದು ಅದರ ತೂಕದ ಶೇ. 30ರಿಂದ 40ರಷ್ಟು ಉಪ್ಪನ್ನು ಹಚ್ಚಿರುತ್ತಾರೆ. ಟ್ಯಾನರಿಯಲ್ಲಿ ಮೊದಲು ನೆನೆಹಾಕಿದಾಗ ಆ ಉಪ್ಪಿನ ಬಹುಪಾಲು ರಕ್ತ, ಸಗಣಿ, ಮಣ್ಣುಗಳ ಜೊತೆಗೆ ನೀರಿಗಿಳಿಯುತ್ತದೆ. ಎರಡನೆಯ ಹಂತದಲ್ಲಿ ಸುಣ್ಣ ಮತ್ತು ಸೋಡಿಯಂ ಸಲ್ಫೈಡ್ ಹಾಕಿ ಕೂದಲನ್ನು ಕರಗಿಸುತ್ತಾರೆ. ಇಲ್ಲಿ ಹೊರಬರುವ ನೀರು ತೀವ್ರ ಕ್ಷಾರೀಯವಾಗಿರುತ್ತದೆ, ಕರಗಿದ ಪ್ರೋಟೀನಿನಿಂದ ಮಂದವಾಗಿರುತ್ತದೆ, ಮತ್ತು ಇಡೀ ಟ್ಯಾನರಿಯ ಸಾವಯವ ಹೊರೆಯ ದೊಡ್ಡ ಪಾಲು ಇದರಲ್ಲೇ ಇರುತ್ತದೆ. ಆಮೇಲೆ ಸುಣ್ಣ ತೆಗೆದು, ಚರ್ಮವನ್ನು ಆಮ್ಲ ಮತ್ತು ಉಪ್ಪಿನ ದ್ರಾವಣದಲ್ಲಿ ಅದ್ದಿ, ತಿರುಗುವ ಡ್ರಮ್ಮಿನಲ್ಲಿ ಕ್ರೋಮಿಯಂ ಸಲ್ಫೇಟ್ ಹಾಕಿ ಹದ ಮಾಡುತ್ತಾರೆ. ಸಾಮಾನ್ಯ ವಿಧಾನದಲ್ಲಿ ಚರ್ಮ ಹೀರಿಕೊಳ್ಳುವುದು ಹಾಕಿದ ಕ್ರೋಮಿಯಂನ ಶೇ. 60ರಿಂದ 70ರಷ್ಟನ್ನು ಮಾತ್ರ. ಉಳಿದದ್ದು ಆಮ್ಲೀಯವಾದ ಹಸಿರು ದ್ರಾವಣದಲ್ಲಿ ಹೊರಗೆ ಹೋಗುತ್ತದೆ. ಒಂದು ಟನ್ ಉಪ್ಪು ಹಚ್ಚಿದ ಚರ್ಮಕ್ಕೆ ಹಳೆಯ ವಿಧಾನದಲ್ಲಿ ಸುಮಾರು 30ರಿಂದ 40 ಘನ ಮೀಟರ್ ನೀರು ಬೇಕು, ಕೊನೆಗೆ ಕೈಗೆ ಸಿಗುವ ಸಿದ್ಧ ಚರ್ಮ 200ರಿಂದ 250 ಕಿಲೋ ಮಾತ್ರ. ಇನ್ನುಳಿದದ್ದೆಲ್ಲ ಒಂದಲ್ಲ ಒಂದು ರೂಪದಲ್ಲಿ ತ್ಯಾಜ್ಯವೇ.

ಈ ಮೂರೂ ನೀರುಗಳನ್ನು ಬೇರೆ ಬೇರೆಯಾಗಿ ಇಟ್ಟುಕೊಂಡರೆ ಪ್ರತಿಯೊಂದಕ್ಕೂ ಸರಳವಾದ ಉಪಾಯವಿದೆ. ಕ್ರೋಮಿಯಂ ದ್ರಾವಣವನ್ನು ಒಂದು ತೊಟ್ಟಿಯಲ್ಲಿ ಸಂಗ್ರಹಿಸಿ ಮೆಗ್ನೀಷಿಯಂ ಆಕ್ಸೈಡ್ ಬೆರೆಸಿದರೆ ಕ್ರೋಮಿಯಂ ಹೈಡ್ರಾಕ್ಸೈಡ್ ರಾತ್ರಿ ಕಳೆಯುವುದರೊಳಗೆ ತಳಕ್ಕೆ ಕೂರುತ್ತದೆ. ಮೇಲಿನ ತಿಳಿನೀರನ್ನು ಬಸಿದು, ತಳದ ಗಸಿಯನ್ನು ಗಂಧಕಾಮ್ಲದಲ್ಲಿ ಕರಗಿಸಿದರೆ ಅದನ್ನೇ ಹೊಸ ಕ್ರೋಮಿಯಂ ಜೊತೆ ಬೆರೆಸಿ ಮತ್ತೆ ಹದಕ್ಕೆ ಬಳಸಬಹುದು. ಸುಣ್ಣದ ನೀರಿಗೆ ಅಲ್ಪ ಪ್ರಮಾಣದ ಮ್ಯಾಂಗನೀಸ್ ಸಲ್ಫೇಟ್ ಹಾಕಿ ಗಾಳಿ ಊದಿದರೆ ಸಲ್ಫೈಡ್ ಉತ್ಕರ್ಷಣಗೊಳ್ಳುತ್ತದೆ. ನೆನೆಹಾಕಿದ ಉಪ್ಪುನೀರನ್ನು ಬಿಸಿಲು ಬಲವಾಗಿರುವ ಕಡೆಗಳಲ್ಲಿ ಆವಿಯಾಗಲು ಬಯಲು ತೊಟ್ಟಿಗಳಿಗೆ ಬಿಡಬಹುದು.

ಇದೇ ಮೂರನ್ನೂ ಒಂದು ಚರಂಡಿಗೆ ಬಿಟ್ಟಾಗ ನಡೆಯುವುದನ್ನು ನೋಡಿ. ಕ್ಷಾರೀಯವಾದ ಸಲ್ಫೈಡ್ ನೀರಿಗೆ ಆಮ್ಲೀಯ ನೀರು ಸೇರಿದೊಡನೆ ಹೈಡ್ರೋಜನ್ ಸಲ್ಫೈಡ್ ಅನಿಲ ಬಿಡುಗಡೆಯಾಗುತ್ತದೆ. ಟ್ಯಾನರಿಗಳ ಗುಂಡಿ ಸ್ವಚ್ಛಗೊಳಿಸಲು ಇಳಿದ ಕಾರ್ಮಿಕರು ಸಾಯುವುದು ಹೆಚ್ಚಾಗಿ ಈ ಅನಿಲದಿಂದ. ಕ್ರೋಮಿಯಂ ಸಾವಯವ ಕೆಸರಿನೊಂದಿಗೆ ಬೆರೆತು ಇಡೀ ಕೆಸರೇ ಅಪಾಯಕಾರಿ ತ್ಯಾಜ್ಯವಾಗುತ್ತದೆ, ಹೀಗಾಗಿ ಗೊಬ್ಬರವಾಗಬಹುದಾಗಿದ್ದ ಪದಾರ್ಥಕ್ಕೆ ಮುಚ್ಚಿದ ಭೂಭರ್ತಿ ಜಾಗ ಹುಡುಕಬೇಕಾಗುತ್ತದೆ. ಉಪ್ಪಂತೂ ಎಲ್ಲ ನೀರಿಗೂ ಹರಡಿಕೊಳ್ಳುತ್ತದೆ.

ಉಪ್ಪಿನ ಬಗ್ಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಸಾರ್ವಜನಿಕ ಚರ್ಚೆಯಲ್ಲಿ ಕ್ರೋಮಿಯಂ ಹೆಸರು ಕೇಳಿಬಂದಷ್ಟು ಉಪ್ಪಿನ ಹೆಸರು ಕೇಳಿಬರುವುದಿಲ್ಲ. ಆದರೆ ಬಾವಿಗಳನ್ನು ಮತ್ತು ಹೊಲಗಳನ್ನು ಕೆಡಿಸುವುದರಲ್ಲಿ ಅದರ ಪಾಲೇ ದೊಡ್ಡದು. ಕ್ರೋಮಿಯಂ ಬಹುಮಟ್ಟಿಗೆ ಕೆಸರಿಗೆ ಅಂಟಿಕೊಂಡು ಕೂರುತ್ತದೆ, ಸಾವಯವ ಅಂಶವನ್ನು ಬ್ಯಾಕ್ಟೀರಿಯಾ ತಿನ್ನುತ್ತದೆ, ಆದರೆ ಉಪ್ಪನ್ನು ಯಾವ ಜೈವಿಕ ಶುದ್ಧೀಕರಣವೂ ತೆಗೆಯಲಾರದು. ಭಾರತದಲ್ಲಿ ಹೊರಬಿಡುವ ನೀರಿನಲ್ಲಿ ಕರಗಿದ ಘನಾಂಶ ಲೀಟರಿಗೆ 2,100 ಮಿಲಿಗ್ರಾಂ ಮೀರಬಾರದೆಂಬ ಮಿತಿಯನ್ನು ಅನುಸರಿಸಲಾಗುತ್ತದೆ. ನೆನೆಹಾಕಿದ ನೀರಿನಲ್ಲಿ ಅದು ಹತ್ತಾರು ಸಾವಿರ ಮಿಲಿಗ್ರಾಂ ಇರುತ್ತದೆ. ತಮಿಳುನಾಡಿನ ಘಟಕಗಳು ಇದಕ್ಕಾಗಿ ರಿವರ್ಸ್ ಆಸ್ಮೋಸಿಸ್ ಮತ್ತು ಆವಿಯಾಗಿಸುವ ಯಂತ್ರಗಳನ್ನು ಅಳವಡಿಸಿ, ಒಂದು ಹನಿಯನ್ನೂ ಹೊರಬಿಡದ ವ್ಯವಸ್ಥೆಗೆ ಹೋದವು. ನೀರು ಮರಳಿ ಸಿಕ್ಕಿತು ನಿಜ, ಆದರೆ ವಿದ್ಯುತ್ ಮತ್ತು ಉಗಿಯ ವೆಚ್ಚ ಏರಿತು, ಮತ್ತು ಕೊನೆಗೆ ಉಳಿದ ಕಲುಷಿತ ಮಿಶ್ರ ಉಪ್ಪನ್ನು ಕೊಳ್ಳುವವರಿಲ್ಲದೆ ಚೀಲಗಳಲ್ಲಿ ತುಂಬಿ ಪೇರಿಸಿಡಬೇಕಾಯಿತು. ಇದಕ್ಕಿಂತ, ಚರ್ಮವನ್ನು ನೆನೆಹಾಕುವ ಮೊದಲೇ ರಂಧ್ರಗಳಿರುವ ಡ್ರಮ್ಮಿನಲ್ಲಿ ತಿರುಗಿಸಿ ಸಡಿಲವಾದ ಉಪ್ಪನ್ನು ಒಣದಾಗಿಯೇ ಉದುರಿಸುವುದು ಎಷ್ಟೋ ಅಗ್ಗ. ಕಸಾಯಿಖಾನೆ ಹತ್ತಿರವಿದ್ದರೆ ಚರ್ಮವನ್ನು ತಣ್ಣಗಿಟ್ಟು ಉಪ್ಪಿಲ್ಲದೆಯೇ ತರಬಹುದು.

ಜಾಜ್‌ಮವಿನ ಘಟಕ ಬೆರಕೆಯ ದುಷ್ಪರಿಣಾಮಕ್ಕೆ ಒಳ್ಳೆಯ ಉದಾಹರಣೆ. ಡಚ್ ಸಹಕಾರದಲ್ಲಿ ನಿರ್ಮಾಣವಾಗಿ 1994ರಲ್ಲಿ ಆರಂಭವಾದ, ದಿನಕ್ಕೆ 3.6 ಕೋಟಿ ಲೀಟರ್ ಸಾಮರ್ಥ್ಯದ ಆ ಘಟಕಕ್ಕೆ 90 ಲಕ್ಷ ಲೀಟರ್ ಟ್ಯಾನರಿ ನೀರನ್ನು 2.7 ಕೋಟಿ ಲೀಟರ್ ನಗರದ ಕೊಳಚೆಯೊಂದಿಗೆ ಬೆರೆಸಿ ಕಳುಹಿಸುವ ಯೋಜನೆಯಿತ್ತು. ಗಾಳಿಯಿಲ್ಲದ ತೊಟ್ಟಿಯಲ್ಲಿ ಬ್ಯಾಕ್ಟೀರಿಯಾ ಬೆಳೆಸುವ ವಿಧಾನ ಅದರದು. ಟ್ಯಾನರಿ ನೀರಿನ ಸಲ್ಫೇಟ್ ಅಂಥ ತೊಟ್ಟಿಯಲ್ಲಿ ಸಲ್ಫೈಡ್ ಆಗಿ ಮಾರ್ಪಟ್ಟು ಯಂತ್ರ, ಕಾಂಕ್ರೀಟುಗಳನ್ನು ತಿನ್ನುತ್ತದೆ. ಟ್ಯಾನರಿಗಳು ಬೆಳೆದಂತೆ ಹರಿವು ಯೋಜಿಸಿದ ಮಟ್ಟವನ್ನು ಮೀರಿತು. ಕ್ರೋಮಿಯಂ ಪೂರ್ತಿ ನಿಲ್ಲದೆ ಬರುತ್ತಲೇ ಇತ್ತು. ಹೊರಬಂದ ನೀರನ್ನು ಸುತ್ತಲಿನ ಹಳ್ಳಿಗಳ ನೀರಾವರಿಗೆ ಬಿಟ್ಟಿದ್ದರಿಂದ ಅದು ಮಣ್ಣಿನಲ್ಲಿ ಸಂಗ್ರಹವಾಯಿತು. ಘಟಕದ ಸಾಮರ್ಥ್ಯವನ್ನು ಇಮ್ಮಡಿಗೊಳಿಸಿದ್ದರೂ ಈ ಕೊನೆಯ ಸಮಸ್ಯೆ ಬಗೆಹರಿಯುತ್ತಿರಲಿಲ್ಲ.

ಉತ್ತರ: ಕಾನೂನು ಓದುಗ

ಎಂಜಿನಿಯರ್ ಅವರು ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ಬೆರಕೆಯಾಗಲು ಬಿಟ್ಟವರು ಯಾರು ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ನ್ಯಾಯಾಲಯಗಳು ತತ್ತ್ವದ ಮಟ್ಟದಲ್ಲಿ ಬಹಳ ಹಿಂದೆಯೇ ಸ್ಪಷ್ಟವಾಗಿದ್ದವು. ಗಂಗಾ ಮಾಲಿನ್ಯಕ್ಕೆ ಸಂಬಂಧಿಸಿದ ಎಂ.ಸಿ. ಮೆಹ್ತಾ ಅವರ ಅರ್ಜಿಯಲ್ಲಿ ಸುಪ್ರೀಂ ಕೋರ್ಟ್ 1987ರಲ್ಲೇ, ಕನಿಷ್ಠ ಕೂಲಿ ಕೊಡಲಾಗದ ಉದ್ಯಮಕ್ಕೆ ಹೇಗೆ ಇರುವ ಹಕ್ಕಿಲ್ಲವೋ ಹಾಗೆಯೇ ಪ್ರಾಥಮಿಕ ಶುದ್ಧೀಕರಣ ಘಟಕ ಸ್ಥಾಪಿಸಲಾಗದ ಟ್ಯಾನರಿಗೂ ಮುಂದುವರಿಯಲು ಅವಕಾಶವಿಲ್ಲವೆಂದು ಹೇಳಿತ್ತು. ಗಮನಿಸಿ, ಅಲ್ಲಿ ಹೊಣೆಯನ್ನು ಹೊರಿಸಿದ್ದು ಪ್ರತಿ ಟ್ಯಾನರಿಯ ಮೇಲೆ.

ಪಾಲಾರ್ ನದಿಗೆ ಟ್ಯಾನರಿಗಳು ತ್ಯಾಜ್ಯ ಬಿಡುತ್ತಿದ್ದುದನ್ನು ಪ್ರಶ್ನಿಸಿದ ವೆಲ್ಲೂರು ನಾಗರಿಕ ಕ್ಷೇಮ ವೇದಿಕೆಯ ಪ್ರಕರಣದಲ್ಲಿ 1996ರ ಆಗಸ್ಟ್‌ನಲ್ಲಿ ಬಂದ ತೀರ್ಪು ಇನ್ನೂ ಮುಂದೆ ಹೋಯಿತು. ಸುಮಾರು 35,000 ಹೆಕ್ಟೇರ್ ಕೃಷಿಭೂಮಿ ಭಾಗಶಃ ಅಥವಾ ಪೂರ್ಣವಾಗಿ ಸಾಗುವಳಿಗೆ ಯೋಗ್ಯವಲ್ಲದಂತಾಗಿದೆ ಎಂಬ ಸಮೀಕ್ಷೆಯನ್ನು ದಾಖಲಿಸಿ, ಮುನ್ನೆಚ್ಚರಿಕೆಯ ತತ್ತ್ವ ಮತ್ತು ಮಾಲಿನ್ಯ ಮಾಡಿದವರೇ ವೆಚ್ಚ ಭರಿಸಬೇಕೆಂಬ ತತ್ತ್ವಗಳನ್ನು ಭಾರತದ ಕಾನೂನಿನ ಭಾಗವೆಂದು ಘೋಷಿಸಿತು. ಹಾನಿಯನ್ನು ಅಂದಾಜಿಸಿ ಪರಿಹಾರ ವಸೂಲು ಮಾಡಲು ಪ್ರತ್ಯೇಕ ಪ್ರಾಧಿಕಾರ ರಚಿಸುವಂತೆ ಕೇಂದ್ರಕ್ಕೆ ಸೂಚಿಸಿತು. ಅದೇ ತೀರ್ಪಿನಲ್ಲಿ ತಮಿಳುನಾಡಿನ ಐದು ಜಿಲ್ಲೆಗಳ ಪ್ರತಿ ಟ್ಯಾನರಿಗೆ ವಿಧಿಸಿದ ಮಾಲಿನ್ಯ ದಂಡ 10,000 ರೂಪಾಯಿ. ತತ್ತ್ವದ ಗಾತ್ರಕ್ಕೂ ದಂಡದ ಗಾತ್ರಕ್ಕೂ ಇರುವ ಅಂತರ ಓದುವಾಗಲೇ ಕಣ್ಣಿಗೆ ಹೊಡೆಯುತ್ತದೆ. ಪಾಲಾರ್ ನದಿಯ ವಿಷಯ ಅಲ್ಲಿಗೆ ಮುಗಿಯಲಿಲ್ಲ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಪರಿಹಾರ ಮತ್ತು ನದಿಯ ಪುನಶ್ಚೇತನದ ಬಗ್ಗೆ ಮತ್ತೆ ನಿರ್ದೇಶನ ನೀಡಿ, ಉಸ್ತುವಾರಿಗೆ ಸಮಿತಿಯೊಂದನ್ನು ರಚಿಸುವಂತೆ ಹೇಳಬೇಕಾಯಿತು.

ಢಾಕಾದ ಅನುಭವ ಸ್ಥಳಾಂತರವೇ ಪರಿಹಾರವೆಂದು ನಂಬುವವರು ಓದಲೇಬೇಕಾದದ್ದು. ಹಜಾರಿಬಾಗ್‌ನ ಟ್ಯಾನರಿಗಳಿಂದ ಬುರಿಗಂಗಾ ನದಿ ಕೆಡುತ್ತಿದ್ದುದರ ಬಗ್ಗೆ ಅಲ್ಲಿನ ಹೈಕೋರ್ಟ್ 2001ರಲ್ಲಿ ಆದೇಶ ನೀಡಿತು, 2009ರಲ್ಲಿ ಸ್ಥಳಾಂತರಕ್ಕೆ ಗಡುವು ವಿಧಿಸಿತು, ಆ ಗಡುವು ಹಲವು ಬಾರಿ ಮುಂದಕ್ಕೆ ಹೋಯಿತು. ಕೊನೆಗೆ 2017ರ ಏಪ್ರಿಲ್‌ನಲ್ಲಿ ವಿದ್ಯುತ್, ನೀರು, ಅನಿಲ ಸಂಪರ್ಕಗಳನ್ನು ಕಡಿದ ಮೇಲಷ್ಟೇ ಟ್ಯಾನರಿಗಳು ನಿಜವಾಗಿ ಜಾಗ ಖಾಲಿ ಮಾಡಿದವು. ಆದರೆ ಸಾವಾರ್‌ನಲ್ಲಿ ಆಗಿನ್ನೂ ಸಾಮೂಹಿಕ ಘಟಕ ಪೂರ್ಣಗೊಂಡಿರಲಿಲ್ಲ, ಘನತ್ಯಾಜ್ಯಕ್ಕೆ ಸರಿಯಾದ ಜಾಗವಿರಲಿಲ್ಲ, ಉಪ್ಪನ್ನು ತೆಗೆಯುವ ವ್ಯವಸ್ಥೆ ಯೋಜನೆಯಲ್ಲೇ ಇರಲಿಲ್ಲ. ಬಾಂಗ್ಲಾದೇಶಕ್ಕೆ ವರ್ಷದ ಚರ್ಮದಲ್ಲಿ ಅರ್ಧದಷ್ಟು ಬರುವುದು ಬಕ್ರೀದ್ ಹಬ್ಬದ ಆಸುಪಾಸಿನಲ್ಲಿ ಎಂದು ಅಂದಾಜಿಸಲಾಗುತ್ತದೆ. ದಿನಕ್ಕೆ 25,000 ಘನ ಮೀಟರ್ ಸಾಮರ್ಥ್ಯವಿರುವ ಘಟಕ ಆ ವಾರಗಳ ಹರಿವನ್ನು ತಾಳಲಾರದು. ಫಲವಾಗಿ ಬುರಿಗಂಗಾ ನದಿಯ ಹೊರೆಯಲ್ಲಿ ಒಂದು ಪಾಲು ಸಾವಾರ್ ಬಳಿಯ ಧಲೇಶ್ವರಿ ನದಿಗೆ ವರ್ಗವಾಯಿತು.

ಇನ್ನೊಂದು ಮಾತು. ಸಾಮೂಹಿಕ ಘಟಕ ಬಂದ ಕೂಡಲೇ ಕಾನೂನಿನ ದೃಷ್ಟಿಯಲ್ಲಿ ಅಪರಾಧಿ ಮಸುಕಾಗುತ್ತಾನೆ. ಕೊನೆಯ ಕೊಳವೆಯಲ್ಲಿ ಮಿತಿ ಮೀರಿದರೆ ಘಟಕ ನಡೆಸುವವರು ಟ್ಯಾನರಿಗಳನ್ನು ತೋರಿಸುತ್ತಾರೆ, ಟ್ಯಾನರಿಗಳು ಘಟಕವನ್ನು ತೋರಿಸುತ್ತವೆ, ಮಾಲಿನ್ಯ ನಿಯಂತ್ರಣ ಮಂಡಳಿ ಇಬ್ಬರಿಗೂ ನೋಟಿಸ್ ಕೊಟ್ಟು ಕಡತ ಮುಂದೂಡುತ್ತದೆ.

ಉತ್ತರ: ಚರ್ಮ ರಸಾಯನ

ಕ್ರೋಮಿಯಂ ಬಿಟ್ಟು ಸಸ್ಯಜನ್ಯ ಹದಕ್ಕೆ ಮರಳುವ ಪ್ರಶ್ನೆಗೆ ಯಾರೂ ಉತ್ತರಿಸಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಮೊದಲು ಒಂದು ಗೊಂದಲ ನಿವಾರಣೆಯಾಗಬೇಕು. ಹದಕ್ಕೆ ಬಳಸುವುದು ತ್ರಿವೇಲೆನ್ಸಿ ಕ್ರೋಮಿಯಂ (ಕ್ರೋಮಿಯಂ-3). ಕ್ಯಾನ್ಸರ್‌ಕಾರಕವೆಂದು ಗುರುತಿಸಲ್ಪಟ್ಟಿರುವುದು ಅದೇ ಲೋಹದ ಇನ್ನೊಂದು ರೂಪವಾದ ಷಡ್ವೇಲೆನ್ಸಿ ಕ್ರೋಮಿಯಂ (ಕ್ರೋಮಿಯಂ-6). ಪಾಲಾರ್ ಕಣಿವೆಯ ರಾಣಿಪೇಟೆಯಲ್ಲಿ ಅಂತರ್ಜಲವನ್ನು ಹಳದಿಯಾಗಿಸಿದ ತ್ಯಾಜ್ಯದ ರಾಶಿ ಮುಚ್ಚಿಹೋದ ಕ್ರೋಮೇಟ್ ರಾಸಾಯನಿಕ ಕಾರ್ಖಾನೆಯೊಂದರದು, ಟ್ಯಾನರಿಯದಲ್ಲ. ವರದಿಗಳಲ್ಲಿ ಎರಡನ್ನೂ ಒಂದಾಗಿ ಬರೆಯುವುದುಂಟು. ಹಾಗೆಂದು ತ್ರಿವೇಲೆನ್ಸಿ ರೂಪವನ್ನು ನಿರುಪದ್ರವಿ ಎನ್ನಲಾಗದು. ಕ್ರೋಮಿಯಂ ಇರುವ ಚರ್ಮದ ಹೊಟ್ಟನ್ನು ಬಯಲಲ್ಲಿ ಸುಟ್ಟಾಗ, ವಿಶೇಷವಾಗಿ ಸುಣ್ಣದಂಥ ಕ್ಷಾರದ ಜೊತೆ ಸುಟ್ಟಾಗ, ಅದರ ಒಂದು ಭಾಗ ಷಡ್ವೇಲೆನ್ಸಿ ರೂಪಕ್ಕೆ ತಿರುಗುತ್ತದೆ. ಹಜಾರಿಬಾಗ್‌ನಲ್ಲಿ ಇದೇ ಹೊಟ್ಟನ್ನು ಬೇಯಿಸಿ ಕೋಳಿ ಮತ್ತು ಮೀನಿನ ಆಹಾರಕ್ಕೆ ಬೆರೆಸುತ್ತಿದ್ದುದು ದಾಖಲಾಗಿದೆ. ನೀರಿನ ಬಗ್ಗೆ ಇಷ್ಟು ಚರ್ಚೆ ನಡೆಯುವಾಗ ಒಣ ತ್ಯಾಜ್ಯ ಯಾರ ಕಣ್ಣಿಗೂ ಬೀಳದೆ ಆಹಾರದ ಸರಪಳಿಗೆ ಹೋಗಿತ್ತು.

ಈಗ ಸಸ್ಯಜನ್ಯ ಹದ. ಅಳಲೆಕಾಯಿ, ತಂಗಡಿ ತೊಗಟೆ, ವ್ಯಾಟಲ್ ತೊಗಟೆಗಳಿಂದ ಮಾಡಿದ ಚರ್ಮ ಬಲವಾದದ್ದು. ಅಟ್ಟೆ, ಬೆಲ್ಟು, ಚೀಲಗಳಿಗೆ ಸೂಕ್ತ. ಆದರೆ ಕ್ರೋಮಿಯಂ ಚರ್ಮ ಕುದಿಯುವ ನೀರಿನ ಶಾಖವನ್ನು ತಾಳಿದರೆ ಇದು ಸುಮಾರು 75ರಿಂದ 85 ಡಿಗ್ರಿಗೇ ಮುದುಡುತ್ತದೆ. ಕ್ರೋಮಿಯಂನಲ್ಲಿ ಒಂದು ದಿನದಲ್ಲಿ ಮುಗಿಯುವ ಕೆಲಸಕ್ಕೆ ಹೊಂಡದ ಪದ್ಧತಿಯಲ್ಲಿ ವಾರಗಟ್ಟಲೆ ಬೇಕು. ಅದರ ತ್ಯಾಜ್ಯನೀರು ಗಾಢ ಬಣ್ಣದ್ದಾಗಿದ್ದು, ಟ್ಯಾನಿನ್‌ಗಳು ಬ್ಯಾಕ್ಟೀರಿಯಾಕ್ಕೆ ಸುಲಭವಾಗಿ ಜೀರ್ಣವಾಗುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಉಪ್ಪು, ಸುಣ್ಣ, ಸಲ್ಫೈಡ್‌ಗಳ ಹಂತಗಳು ಎರಡೂ ವಿಧಾನಗಳಲ್ಲಿ ಹಾಗೆಯೇ ಇರುತ್ತವೆ. ಮಾಲಿನ್ಯದ ಹೆಚ್ಚಿನ ಭಾಗ ಹದಕ್ಕಿಂತ ಮೊದಲೇ ಹುಟ್ಟುವಾಗ ಹದದ ಪದಾರ್ಥವನ್ನಷ್ಟೇ ಬದಲಿಸಿ ಸಿಗುವ ಲಾಭ ಸೀಮಿತ.

ನನ್ನ ಮಟ್ಟಿಗೆ ಹೆಚ್ಚು ಫಲ ಕೊಡುವುದು ಎರಡು ಬದಲಾವಣೆಗಳು. ಒಂದು, ಸಲ್ಫೈಡ್ ಪ್ರಮಾಣವನ್ನು ತಗ್ಗಿಸಿ ಕಿಣ್ವಗಳ ನೆರವಿನಿಂದ ಕೂದಲು ತೆಗೆಯುವುದು. ಆಗ ಕೂದಲು ಕರಗದೆ ಇಡಿಯಾಗಿ ಬಿಡುವುದರಿಂದ ಸೋಸಿ ತೆಗೆಯಬಹುದು, ನೀರಿನ ಹೊರೆ ಗಣನೀಯವಾಗಿ ಇಳಿಯುತ್ತದೆ. ಇನ್ನೊಂದು, ಹದದ ಕೊನೆಯಲ್ಲಿ ಶಾಖ, ಆಮ್ಲೀಯತೆ ಮತ್ತು ಸಮಯವನ್ನು ಸರಿಯಾಗಿ ಹಿಡಿತದಲ್ಲಿಟ್ಟು ಕ್ರೋಮಿಯಂ ಹೀರಿಕೆಯನ್ನು ಶೇ. 90ಕ್ಕಿಂತ ಮೇಲಕ್ಕೆ ಒಯ್ಯುವುದು. ಚೆನ್ನೈನಲ್ಲಿ 1948ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಚರ್ಮ ಸಂಶೋಧನಾ ಸಂಸ್ಥೆ ನೀರನ್ನೇ ಸೇರಿಸದೆ ಕ್ರೋಮಿಯಂ ಹದ ಮಾಡುವ ವಿಧಾನವನ್ನೂ ರೂಪಿಸಿದೆ. ಇವುಗಳಿಗೆಲ್ಲ ದೊಡ್ಡ ಯಂತ್ರಗಳಿಗಿಂತ ಡ್ರಮ್ಮಿನ ಬಳಿ ನಿಂತು ಅಳತೆ ನೋಡುವ ತರಬೇತಿ ಪಡೆದ ಮನುಷ್ಯ ಬೇಕು. ಕಟ್ಟಡಕ್ಕೆ ಅನುದಾನ ಸಿಗುವಷ್ಟು ಸುಲಭವಾಗಿ ಆ ಮನುಷ್ಯನ ಸಂಬಳಕ್ಕೆ ಸಿಗುವುದಿಲ್ಲ.

ಉತ್ತರ: ರಫ್ತು ವಿಭಾಗ

ಚಿಕ್ಕ ಸೇರ್ಪಡೆ. ರಫ್ತು ಮಾಡುವ ಟ್ಯಾನರಿಗಳ ಮೇಲೆ ಸರ್ಕಾರಕ್ಕಿಂತ ಖರೀದಿದಾರರ ಒತ್ತಡ ಹೆಚ್ಚು ಕೆಲಸ ಮಾಡುತ್ತದೆ. ಟ್ಯಾನರಿಗಳ ಪರಿಸರ ನಿರ್ವಹಣೆಯನ್ನು ಪರಿಶೀಲಿಸುವ, 2005ರಲ್ಲಿ ಆರಂಭವಾದ ಲೆದರ್ ವರ್ಕಿಂಗ್ ಗ್ರೂಪ್‌ನ ಪ್ರಮಾಣಪತ್ರವಿಲ್ಲದೆ ದೊಡ್ಡ ಬ್ರ್ಯಾಂಡ್‌ಗಳ ಬಾಗಿಲು ತೆರೆಯುವುದು ಕಷ್ಟ. ಮೈಗೆ ತಾಗುವ ಚರ್ಮದ ವಸ್ತುಗಳಲ್ಲಿ ಷಡ್ವೇಲೆನ್ಸಿ ಕ್ರೋಮಿಯಂ ಕಿಲೋಗೆ 3 ಮಿಲಿಗ್ರಾಂ ತಲುಪಬಾರದೆಂಬ ಐರೋಪ್ಯ ಒಕ್ಕೂಟದ ನಿಯಮವೂ 2015ರಿಂದ ಜಾರಿಯಲ್ಲಿದೆ. ಆದರೆ ಪ್ರಮಾಣಪತ್ರ ಕೇಳುವ ಖರೀದಿದಾರ ಅದಕ್ಕೆ ತಕ್ಕ ಬೆಲೆ ಕೊಡಲು ಹಿಂಜರಿಯುತ್ತಾನೆ, ಮತ್ತು ಒಳನಾಡಿನ ಮಾರುಕಟ್ಟೆಗೆ ಮಾತ್ರ ಚರ್ಮ ಕೊಡುವ ಸಣ್ಣ ಘಟಕಗಳಿಗೆ ಈ ಒತ್ತಡ ತಾಗುವುದೇ ಇಲ್ಲ.

ಪ್ರಶ್ನೆ ಕೇಳಿದವರ ಮರುಪ್ರಶ್ನೆ: ಪರಿಸರ ಅಧ್ಯಯನಾರ್ಥಿ

ಎಲ್ಲರಿಗೂ ಧನ್ಯವಾದಗಳು. ಸಣ್ಣ ಘಟಕಗಳ ಬಗ್ಗೆಯೇ ನನ್ನ ಸಂದೇಹ ಉಳಿದಿದೆ. ಎರಡೋ ಮೂರೋ ಡ್ರಮ್ಮುಗಳನ್ನಿಟ್ಟುಕೊಂಡು, ಅಕ್ಕಪಕ್ಕದಲ್ಲಿ ಒಂದಿಂಚೂ ಜಾಗವಿಲ್ಲದೆ ನಡೆಯುವ ಘಟಕದಲ್ಲಿ ಪ್ರತ್ಯೇಕ ತೊಟ್ಟಿ, ಕ್ರೋಮಿಯಂ ಮರುಪಡೆಯುವಿಕೆ ಇವೆಲ್ಲ ಸಾಧ್ಯವೇ? ಎಂಜಿನಿಯರ್ ಅವರೇ, ಎಲ್ಲವನ್ನೂ ಒಟ್ಟಿಗೆ ಮಾಡಲಾಗದಿದ್ದರೆ ಯಾವುದರಿಂದ ಆರಂಭಿಸಬೇಕೆಂದು ನೀವು ಹೇಳುತ್ತೀರಿ?

ಉತ್ತರ: ತ್ಯಾಜ್ಯನೀರು ಎಂಜಿನಿಯರ್

ಸಣ್ಣ ಘಟಕ ತಾನೇ ಕ್ರೋಮಿಯಂ ಮರುಪಡೆಯಬೇಕಾಗಿಲ್ಲ. ಅದನ್ನು ಬೇರೆಯಾಗಿ ಹಿಡಿದಿಟ್ಟುಕೊಂಡರೆ ಸಾಕು. ಡ್ರಮ್ಮಿನಿಂದ ಹಸಿರು ದ್ರಾವಣ ಬರುವುದು ದಿನದಲ್ಲಿ ಒಂದೆರಡು ಸಲ, ಅದೂ ಪ್ರಮಾಣದಲ್ಲಿ ಒಟ್ಟು ನೀರಿನ ಸಣ್ಣ ಭಾಗ. ಅದನ್ನು ಪ್ಲಾಸ್ಟಿಕ್ ಟ್ಯಾಂಕಿಗೆ ತುಂಬಿಸಿ, ಟ್ಯಾಂಕರಿನಲ್ಲಿ ಅಥವಾ ಪ್ರತ್ಯೇಕ ಕೊಳವೆಯಲ್ಲಿ ಇಡೀ ಸಮುಚ್ಚಯಕ್ಕೆ ಸೇರಿದ ಒಂದೇ ಮರುಪಡೆಯುವ ಕೇಂದ್ರಕ್ಕೆ ಕಳುಹಿಸಬಹುದು. ಆರಂಭವನ್ನು ಇಲ್ಲಿಂದ ಮತ್ತು ಒಣ ಉಪ್ಪು ಉದುರಿಸುವುದರಿಂದ ಮಾಡಿ ಎನ್ನುತ್ತೇನೆ. ಎರಡಕ್ಕೂ ಜಾಗ ಕಡಿಮೆ ಬೇಕು, ವಿದ್ಯುತ್ ಹೆಚ್ಚು ಬೇಡ, ಮತ್ತು ಕೊನೆಯ ಘಟಕದ ಕೆಸರು ಹಾಗೂ ಉಪ್ಪಿನ ಹೊರೆ ಎರಡೂ ತಕ್ಷಣ ಇಳಿಯುತ್ತವೆ.

ಇದರ ಜೊತೆಗೆ ಶುಲ್ಕದ ಲೆಕ್ಕ ಬದಲಾಗಬೇಕು. ಸಾಮೂಹಿಕ ಘಟಕದ ಖರ್ಚನ್ನು ಚರ್ಮದ ಸಂಖ್ಯೆಗೋ ಡ್ರಮ್ಮುಗಳ ಸಂಖ್ಯೆಗೋ ತಕ್ಕಂತೆ ಸಮನಾಗಿ ಹಂಚಿದರೆ, ನೀರು ಉಳಿಸಿದವನೂ ಉಪ್ಪು ಉದುರಿಸಿದವನೂ ಉದಾಸೀನ ಮಾಡಿದವನಷ್ಟೇ ಹಣ ತೆರುತ್ತಾನೆ. ಪ್ರತಿ ಟ್ಯಾನರಿಯ ಹೊರದಾರಿಯಲ್ಲಿ ಹರಿವಿನ ಮೀಟರ್ ಕೂರಿಸಿ, ಉಪ್ಪಿನಂಶವನ್ನು ಸೂಚಿಸುವ ವಿದ್ಯುತ್ ವಾಹಕತೆಯನ್ನು ಅಳೆದು, ಆ ಹೊರೆಗೆ ತಕ್ಕಂತೆ ಶುಲ್ಕ ವಿಧಿಸಬಹುದು. ವಾಹಕತೆ ಅಳೆಯುವ ಉಪಕರಣ ದುಬಾರಿಯೇನಲ್ಲ. ಕ್ರೋಮಿಯಂಗೆ ಅಂಥ ಸುಲಭದ ಮೀಟರ್ ಇಲ್ಲ, ಆದರೆ ಟ್ಯಾನರಿ ಕೊಂಡ ಕ್ರೋಮಿಯಂ ಎಷ್ಟು, ಮರುಪಡೆಯುವ ಕೇಂದ್ರಕ್ಕೆ ಬಂದ ದ್ರಾವಣ ಎಷ್ಟು ಎಂದು ತಾಳೆ ನೋಡಿದರೆ ಯಾರು ಚರಂಡಿಗೆ ಬಿಡುತ್ತಿದ್ದಾರೆಂದು ತಿಳಿಯುತ್ತದೆ. ಕಾನೂನು ಓದುಗರು ಹೇಳಿದ ಮಸುಕಾಗುವ ಅಪರಾಧಿಯ ಸಮಸ್ಯೆಗೂ ಇದರಿಂದ ಸ್ವಲ್ಪಮಟ್ಟಿಗೆ ಉತ್ತರ ಸಿಗುತ್ತದೆ.

ನಿಮ್ಮ ಟಿಪ್ಪಣಿಯಲ್ಲಿ ಕೆಸರಿಗೆ ಒಂದು ಅಧ್ಯಾಯ ಮೀಸಲಿಡಿ. ಘಟಕ ಚೆನ್ನಾಗಿ ಕೆಲಸ ಮಾಡಿದಷ್ಟೂ ಕೆಸರು ಹೆಚ್ಚುತ್ತದೆ, ಅದನ್ನು ಇಡುವ ಜಾಗವನ್ನು ಮಾತ್ರ ಯೋಜನೆಯ ಕೊನೆಯಲ್ಲಿ ಯೋಚಿಸಲಾಗುತ್ತದೆ. 2015ರ ಜನವರಿ 31ರ ನಸುಕಿನಲ್ಲಿ ರಾಣಿಪೇಟೆಯ ಸಾಮೂಹಿಕ ಘಟಕವೊಂದರಲ್ಲಿ ಕೆಸರು ಸಂಗ್ರಹಿಸಿದ್ದ ತೊಟ್ಟಿಯ ಗೋಡೆ ಕುಸಿದು, ಪಕ್ಕದ ಟ್ಯಾನರಿಯಲ್ಲಿ ಮಲಗಿದ್ದವರೂ ಸೇರಿ 10 ಮಂದಿ ಸತ್ತರು. ಸಾಮರ್ಥ್ಯದ ಅಂಕಿಗಳನ್ನು ಹೋಲಿಸುವಾಗ ಪ್ರತಿ ಘಟಕವೂ ದಿನಕ್ಕೆ ಎಷ್ಟು ಟನ್ ಕೆಸರು ಉತ್ಪಾದಿಸುತ್ತದೆ, ಅದರಲ್ಲಿ ಕ್ರೋಮಿಯಂ ಎಷ್ಟಿದೆ, ಅದು ಎಲ್ಲಿಗೆ ಹೋಗುತ್ತದೆ ಎಂಬ ಮೂರು ಅಂಕಣಗಳನ್ನು ಸೇರಿಸಿ; ಮಾಹಿತಿ ಸಿಗದ ಕಡೆ ಖಾಲಿ ಬಿಡಿ.